ತೊಳೆದ ನೀರು

ನಗರ್ತಪೇಟೆಯಲ್ಲಿ ಬೆಳಗಿನ ನಾಲ್ಕೂವರೆಗೆ
ಅಂಗಡಿಗಳ ಷಟರ್ ಏಳುವ ಮುಂಚೆ
ನಮ್ಮಪ್ಪ ಮುನಿಯಲ್ಲಪ್ಪ ಮೆಟ್ಟಿಲು ಗುಡಿಸುತ್ತಿದ್ದ.
ಯಾರೂ ಹೇಳಿರಲಿಲ್ಲ, ಯಾರೂ ಕೂಲಿ ಕೊಡುತ್ತಿರಲಿಲ್ಲ.
ಅಕ್ಕಸಾಲಿಗರ ಅರದಿಂದ ಹಾರಿ, ಅಂಗಾಲಿಗೆ ಅಂಟಿ,
ಹೊಸಿಲು ದಾಟಿ ಮೋರಿ ಸೇರಿದ ಚೂರಿಗಾಗಿ
ಧೂಳು ತುಂಬಿಕೊಂಡು ಮನೆಗೆ ತರುತ್ತಿದ್ದ.

ಕಬ್ಬಿಣದ ಬಾಣಲೆ, ನೀರು, ಚಿಟಿಕೆ ಪಾದರಸ.
ಒಂದು ಬುಟ್ಟಿ ತೊಳೆದರೆ ಒಂದು ಸಾಸಿವೆ.
ಕೆಲವು ದಿನ ಸಾಸಿವೆಯೂ ಇಲ್ಲ,
ಯಾರದೋ ಮೂಗುಬೊಟ್ಟಿನ ತಿರುಪು, ಅದೂ ಹಿತ್ತಾಳೆ.
"ಬಿದ್ದಿದ್ದು ಎಲ್ಲೂ ಹೋಗಲ್ಲ ಮಗಾ, ಕಾಣಲ್ಲ ಅಷ್ಟೆ"
ಅನ್ನುತ್ತಿದ್ದ, ಎಡ ದವಡೆಗೆ ಹೊಗೆಸೊಪ್ಪು ಒತ್ತಿಕೊಂಡು.

ಆ ಎಡ ದವಡೆಯಲ್ಲೇ ಈಗ ಹುಣ್ಣು.

ನಾನಿರುವುದು ಯಶವಂತಪುರದ ಹತ್ತಿರ, ಮರಗಳ ನಡುವಿನ ಲ್ಯಾಬಿನಲ್ಲಿ.
ಇಲಿಗಳ ಆಯಾ.
ನೀರು, ಮೇವು, ಹೊಟ್ಟು ಬದಲಿಸುತ್ತೇನೆ,
ಸತ್ತರೆ ನಂಬರು ಬರೆದು ಹಳದಿ ಚೀಲಕ್ಕೆ ಹಾಕುತ್ತೇನೆ.
ನಿಖತ್ ಮೇಡಂ ಮೊದಲ ಸಲ ಸೀಸೆ ಎತ್ತಿ ತೋರಿಸಿದಾಗ
ಬೀಟ್ರೂಟ್ ಬೇಯಿಸಿದ ನೀರು ಅಂದುಕೊಂಡೆ.
"ಚಿನ್ನ" ಅಂದರು.
ಚಿನ್ನ ಕೆಂಪಗಿರುತ್ತಾ?
"ತೀರಾ ಚಿಕ್ಕದಾದ್ರೆ ತನ್ನ ಬಣ್ಣಾನೇ ಮರೆತುಬಿಡುತ್ತೆ.
ಇದರೊಳಗಿನ ಕಡ್ಡಿಗಳನ್ನ ಉದ್ದಕ್ಕೆ ಜೋಡಿಸಿದ್ರೆ
ನಿನ್ನ ಒಂದು ಕೂದಲ ಅಗಲಕ್ಕೆ ಎರಡು ಸಾವಿರ ಬೇಕು."

ಕಡ್ಡಿಗಳನ್ನು ಸೂಜಿಯಲ್ಲಿ ಗೆಡ್ಡೆಗೆ ಬಿಡುತ್ತಾರೆ.
ಆಮೇಲೆ ದೀಪ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ.
ಕಾಣದ್ದಕ್ಕೇ ಕನ್ನಡಕ ಹಾಕಿಕೊಳ್ಳಬೇಕು ಎಂಬುದು
ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ.
ಚರ್ಮ ಅದನ್ನು ಅಷ್ಟಾಗಿ ತಡೆಯುವುದಿಲ್ಲ, ಮಾಂಸವೂ;
ಚಿನ್ನ ತಡೆಯುತ್ತದೆ, ಕುಡಿಯುತ್ತದೆ, ಕಾಯುತ್ತದೆ.
ಪರದೆಯ ಮೇಲೆ ಇಲಿ ಪೂರ್ತಿ ನೀಲಿ,
ಪಕ್ಕೆಯಲ್ಲಿ ಮಾತ್ರ ಒಂದು ಹಳದಿ ಬೊಟ್ಟು.
ನಲವತ್ತೆಂಟು, ನಲವತ್ತೊಂಬತ್ತು ಡಿಗ್ರಿ.
ಹಂಡೆಯ ನೀರಿಗೆ ಒಂದು ಕೊಳ್ಳಿ ಜಾಸ್ತಿ ಇಟ್ಟ ಹಾಗೆ, ಅಷ್ಟೆ.

ಹದಿನೇಳನೇ ನಂಬರಿನ ಇಲಿಯ ಹುಣ್ಣು ಒಣಗಿತು.
ಹೆಕ್ಕಳೆ ಉದುರಿತು. ಕೂದಲು ಬಂತು, ಬೇರೆ ದಿಕ್ಕಿಗೆ ತಿರುಗಿಕೊಂಡು.
ಹೆಸರಿಡಬಾರದು ಎಂಬ ನಿಯಮವಿದೆ, ಇಟ್ಟಿಲ್ಲ.
ಪಂಜರ ತೊಳೆಯುವಾಗ ಅದನ್ನು ಕೊನೆಗೆ ಎತ್ತುತ್ತೇನೆ,
ಅಂಗೈಯಲ್ಲಿ ಒಂದಿಷ್ಟು ಹೊತ್ತು ಇಟ್ಟುಕೊಳ್ಳುತ್ತೇನೆ.
ಅದರ ಎದೆ ಹೊಲಿಗೆ ಯಂತ್ರದ ಹಾಗೆ ಓಡುತ್ತಿರುತ್ತದೆ.

ಒಂದು ಸಂಜೆ ಕೇಳಿಯೇಬಿಟ್ಟೆ. ನಮ್ಮಪ್ಪನಿಗೆ?
ಮೇಡಂ ಕೈಗವಸು ಬಿಚ್ಚಿದರು, ಒಂದು ಕೈಯದು.
ಇನ್ನೊಂದನ್ನು ಬಿಚ್ಚುವುದು ಮರೆತರು.
"ಇಲಿಯ ಪಕ್ಕೆ ಬೇರೆ, ಮನುಷ್ಯರ ದವಡೆ ಬೇರೆ.
ಹತ್ತು ವರ್ಷ ಬೇಕಾಗಬಹುದು. ಹದಿನೈದು.
ಆಗದೇನೂ ಇರಬಹುದು."
ಸುಳ್ಳು ಹೇಳಬಹುದಿತ್ತು, ನಾನು ನಂಬುತ್ತಿದ್ದೆ.
ಆಮೇಲೆ ಇಬ್ಬರೂ ಸೇರಿ ಮೇವಿನ ಚೀಲ ಒಳಗಿಟ್ಟೆವು.

ಹಾಗಾಗಿ ಕಿದ್ವಾಯಿಯ ಕ್ಯೂ, ಗೊತ್ತಿರುವ ಹಳೇ ರೇಡಿಯೇಶನ್ನು,
ಕೆನ್ನೆಯ ಮೇಲೆ ನೇರಳೆ ಇಂಕಿನ ಗೆರೆ,
ಮೂಗಿನ ನಳಿಗೆಯಲ್ಲಿ ರಾಗಿ ಗಂಜಿ,
ಬರುವಾಗ ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿ ಪಕ್ಕದ ಸೀಟು.

ಮಾತು ನಿಂತು ತಿಂಗಳಾಯಿತು.
ಮೊನ್ನೆ ಫೋನಿನಲ್ಲಿ ಸೀಸೆಯ ಫೋಟೋ ತೋರಿಸಿದೆ,
ಇದೂ ಚಿನ್ನ ಕಣಪ್ಪಾ ಅಂದೆ.
ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದ, ಇನ್ನೂ ದೊಡ್ಡದು ಮಾಡಿದ.
ಮಗಳ ಸ್ಲೇಟು ಎಳೆದುಕೊಂಡು ಬರೆದ:
ಒರೆಗೆ ಹಚ್ಚಿದ್ರಾ
ಒರೆಗಲ್ಲಿನ ಮೇಲೆ ಇದು ಗೆರೆಯನ್ನೇ ಬಿಡಲ್ಲ, ಅಂದೆ.
ನಕ್ಕ, ಬಲಗಡೆ ಮಾತ್ರ.

ನಾನು ಇನ್ನೂ ಹೇಳುವುದಿತ್ತು.
ಬೆಳಕಿನ ಬಗ್ಗೆ, ಹದಿನೇಳರ ಕೂದಲ ಬಗ್ಗೆ,
ಹತ್ತು ವರ್ಷದ ಬಗ್ಗೆ ಹೇಗೆ ಹೇಳುವುದು ಅಂತ
ಒಳಗೊಳಗೇ ವಾಕ್ಯ ಕೂಡಿಸುತ್ತಿದ್ದೆ.

ಅಪ್ಪ ಸ್ಲೇಟು ಒರೆಸಿದ.
ಬಳಪ ಕೀರಲು ಸದ್ದು ಮಾಡುತ್ತ ನಿಧಾನಕ್ಕೆ ಹೋಯಿತು.
ನನ್ನ ಕಡೆ ತಿರುಗಿಸಿ ಹಿಡಿದ:

ಸೀಸೆ ತೊಳೆದ ನೀರು ಎಲ್ಲಿ ಚೆಲ್ಲುತೀರ

ಗೊತ್ತಿರಲಿಲ್ಲ.
ನಾಳೆ ಕೇಳಿಕೊಂಡು ಬರ್ತೀನಿ ಅಂದೆ.