ಖಾರೆಂ

ಚೋಡಣದ ಒಡ್ಡು ಒಡದಿತ್ತು. ಮಣ್ಣ ಹೊರಾಕ ಬಂದಿದ್ದಿವಿ
ರೋಣ ತಾಲೂಕಿನ ಏಳು ಮಂದಿ.
ತೊಡಿಮಟ ಕೆಸರು, ಏಡಿ ಹಿಡದ ಹೆಬ್ಬೆರಳು.

ಮುಂಜಾನೆ ಪಿಯೆದಾದ್ ಗಾವಡೆ
ಸೀರಿ ಎತ್ತಿ ಕಟ್ಟಿ ಗದ್ದಿಗಿಳದು
ನೀರಾಗ ಬೆರಳದ್ದಿ ನೆಕ್ಕತಿದ್ಲು.
'ಖಾರೆಂ' ಅಂದು ಹೊಳ್ಳಿ ಹೋಗತಿದ್ಲು.

ನೀರು ಖಾರ ಹೆಂಗಾದೀತು? ನಾವು ನಕ್ಕಿವಿ.
ಬ್ಯಾಡಗಿ ಮೆಣಸಿನಕಾಯಿ ತೊಳದಾರೇನ ಇಲ್ಲಿ?
ತೂಬು ಕಾಯೋ ಮುದುಕ ಹೇಳಿದ ಮ್ಯಾಲೆ ತಿಳೀತು,
ಇವರ ಬಾಯಾಗ ಉಪ್ಪಿಗೇ ಆ ಹೆಸರು.

ಕೃಷಿ ಆಫೀಸಿನಾವ ಮೀಟರ್ ಅದ್ದಿ
ಬಿತ್ತಬಹುದು ಅಂದ.
ಆಕಿ ಮತ್ತ ನೆಕ್ಕಿದ್ಲು. ಮೀಟರ್ ಕಡಿ ನೋಡಲಿಲ್ಲ.

ಹನ್ನೊಂದ ದಿನ ಮಳಿ ಹೊಡೀತು.
ಒಂದ ಮುಂಜಾನೆ ಬಾಯಾಗ ಬೆರಳಿಟ್ಟು ನಿಂತಾಕಿ
ಏನೂ ಅನ್ನಲಿಲ್ಲ. ಮನಿಗೆ ಓಡಿ ಗೋಣಿ ಹೊತ್ತು ತಂದ್ಲು:
ಕೊರ್ಗುಟ್.
ಈ ಗದ್ದಿ ಎರಡು ವರ್ಷ ಹೊಳಿ ಪಾಲಾದಾಗ
ತವರಿನ ಅಂಗೈಯಷ್ಟು ಮಡಿಯಾಗ ಉಳಿಸಿಕೊಂಡ ಬೀಜ.
ಆಗಲೇ ಮೊಳಕಿ, ಬಿಳೇ ಬೇರು ಗೋಣಿ ತೂತಿನಾಗ.
ಯಾವಾಗ ನೆನಿ ಹಾಕಿದ್ಲೋ,
ಮಳಿಗೂ ಮೊದಲ ಯಾರು ಹೇಳಿದ್ರೋ!

ಊರಿಗೆ ಹೊಂಡೋ ದಿನ ಕೆಂಪನ್ನದ ಗಂಜಿ ಬಡಿಸಿದ್ಲು.
ನಂಗೂ ಒಂದಿಷ್ಟು ಬೀಜ ಕೊಡ್ರಿ ಅಂತ ಕೈ ಸನ್ನಿ ಮಾಡಿದೆ.
ಆಕಿ ತಲಿ ಅಲ್ಲಾಡಿಸಿದ್ಲು. ಮುದುಕ ತಿಳಿಸಿದ:
'ನಿಮ್ಮದು ಸೀ ನೀರು, ಅಲ್ಲಿದಕ್ಕ ಏನು ಕೆಲಸ?'

ನಮ್ಮ ಬೋರಿನ ಸವಳು, ಬೆಳ್ಳಗ ಬಿರಿದ ಹೊಲ,
ಅದನ್ನೆಲ್ಲ ಹೇಳಾಕ ಮಾತು ಬರಬೇಕಲ್ಲ.
ಬರತಿದ್ದದ್ದು ಒಂದ.
'ಖಾರೆಂ' ಅಂದೆ.

ಆಕಿ ನನ್ನ ಮುಖ ನೋಡಿದ್ಲು.
ಗಡಗಿಯಾಗಿನ ಒಣ ಬೀಜ ಒಂದ ಹಿಡಿ ತಗದು,
ಅರ್ಧ ವಾಪಸ್ ಸುರುವಿ,
ಉಳಿದದ್ದು ನನ್ನ ಟವೆಲ್ ತುದಿಗೆ ಗಂಟ ಹಾಕಿದ್ಲು.