ಹರವಿ ತಂದಾಕಿ

ಮಧ್ಯಾಹ್ನಕ್ಕ ಅವರ ಊರಾಗ ‘ಆರ್ವೊ’ ಅಂತಾರಂತ.
ನನಗೇನ ಗೊತ್ತು?
ಅಂವ ಬದುವಿನ ಮ್ಯಾಲ ನಿಂತು ಆರ್ವೊ, ಆರ್ವೊ ಅಂದ,
ನೀರಡಿಸೇತಿ ಪಾಪ, ಅಂತ
ತುಂಬಿದ ಹರವಿ ಹೊತಗೊಂಡು ಹೋದ್ನಿ.
ಕುಡದ. ಗಟಗಟ ಕುಡದ.
ಅಂದಮ್ಯಾಲ ನಾ ತಿಳಕೊಂಡದ್ದು ತಪ್ಪು ಹೆಂಗ?

ಬಿಳಿಜ್ವಾಳದ ತಳಿ ನೋಡಾಕ ಬಂದಿದ್ದ,
ಆಸ್ಟ್ರೇಲಿಯಾದಿಂದ ಸಾರವಾಡ ತನಕ.
ಡೋಣಿ ಸಾಲಿನ ಎರಿಮಣ್ಣು ಚಿವುಟಿ
ನಾಲಿಗಿ ತುದಿಗೆ ಹಚ್ಚಿ ನೋಡಿದ.
ನಮ್ಮ ಮಾವ ಇದ್ದಾಗ ಹಿಂಗ ಮಾಡ್ತಿದ್ದ,
ಉಗುಳತಿರಲಿಲ್ಲ ಅಷ್ಟ.

ಹೆಸರು ಡಗ್ಲಸ್. ಅದೂ ಉದ್ದ ಆತಂತ, ಡಗ್ಗಿ.
ನಾವು ಧಗಿ ಅಂದ್ವಿ.
ಮಾರಿ ನೋಡಿದ್ರ ಖರೇನ ಧಗಿ.
ನಗಬ್ಯಾಡ್ರಿ ಅಂದ ಜೀಪಿನ ಬಂದೇನವಾಜ,
ಅರ್ಧ ತಿಳದು ಅರ್ಧ ಊಹಿಸಿ ಮಾತು ದಾಟಸಾಂವ.
ಅವರು ಎಲ್ಲಾ ಶಬ್ದದ ಬಾಲ ಕತ್ತರಸ್ತಾರ,
ನ್ಯಾರಿಗೆ ಬ್ರೆಕ್ಕಿ,
ಗುಂಗಾಡಕ್ಕ ಮೋಜಿ.
ಕಚ್ಚಿಸಿಕೊಳ್ಳೂದ್ರಾಗ ಏನ ಮೋಜೋ!
ನಾನೂ ನೀಲಗಂಗವ್ವ ಆಗಿ ಹುಟ್ಟಿದಾಕಿ.
ಮೂರು ದಿನಕ್ಕ ನೀಲಿ ಮಾಡಿದ್ರು.
ಕರದು ಕೆಲಸ ಹೇಳೂ ಮಂದಿಗೆ
ಪೂರಾ ಹೆಸರು ಹಿಡಿಯಾಕ ಉಸರೆಲ್ಲಿ ಇರತೈತಿ?

ಶುಕ್ರವಾರ ಸಂಜಿಮುಂದ ಬಾರ್ಬಿ, ಅಂದ.
ಈ ಶಬ್ದ ಯಾರೂ ದಾಟಸೂದು ಬ್ಯಾಡಾತು.
ಮೊಮ್ಮಗಳು ತನುಜಾ ಕೇಳಿದ್ದೇ ತಡ
ಮಾರಿ ತೊಳದು, ಪೌಡರ ಬಡಕೊಂಡು,
ಬೂಟಿನ ಡಬ್ಬ್ಯಾಗ ಅರಿವಿ ಹಾಸಿಕೊಂಡು
ಹೊಲಕ್ಕ ಓಡಿ ಬಂದ್ಲು.

ಬಂದು ನೋಡ್ತಾಳ: ಗುಂಡಿ, ಕುಳ್ಳು, ಹೊಗಿ.
ಗೊಂಬಿ ಎಲ್ಲೈತಿ?
ಬಂದೇನವಾಜ ತಲಿ ಕೆರಕೊಂಡ.
ಬಾರ್ಬಿ ಅಂದ್ರ ಕೆಂಡದಾಗ ಸುಡೂದವ್ವಾ.
ಗೊಂಬೀನ್ನ?
ಆಕಿ ಕೆಳದುಟಿ ನಡಗಿದ್ದು
ಡಗ್ಗಿ ನೋಡಿದ, ಯಾಕಂತ ತಿಳೀಲಿಲ್ಲ,
ತನ್ನ ದೊಡ್ಡ ಟೊಪ್ಪಿಗಿ ತಗದು ಆಕಿ ತಲೀಗೆ ಇಟ್ಟ.
ಗದ್ದದ ತನಕ ಇಳೀತು.
ಒಳಗ ಅತ್ಲೋ ನಕ್ಲೋ.

ನಮ್ಮ ಕಡೆ ಸ್ನ್ಯಾಗ್ ಸುಡ್ತೀವಿ, ಅಂದ ಅಂವ,
ಸಿದ್ಯಾ ಸ್ನೇಕ್ ಅಂತ ಕೇಳಿ ಬಡಿಗಿ ಹಿಡದು
ಕಡ್ಲಿ ಸಾಲೆಲ್ಲ ಹುಡುಕಿದ.
ಹಾವಲ್ಲೋ ಹುಚ್ಚಾ, ಕರುಳಿನ್ಯಾಗ ತುಂಬಿದ ಕೈಮಾ.
ಅಷ್ಟರಾಗ ತೆನಿ ಬೆಂದಿದ್ದು,
ಹಾಲು ಹಿಡದ ತೆನಿ, ಬೂದಿಯೊಳಗ ಚಟಚಟ.
ಅಂಗೈಯಾಗ ತಿಕ್ಕಿ ಊದಿ,
ಹಸರು ಮುತ್ತಿನಂಥ ಸೀತನಿ
ಸೇಂಗಾ ಹಿಂಡಿ, ಬೆಲ್ಲ, ಕೊಬ್ಬರಿ ಕೂಡ ಕೊಟ್ನಿ.
ಅಂವಗ ತಿಕ್ಕಾಕ ಬರಲಿಲ್ಲ, ಅಂಗೈ ಸುಟಗೊಂಡ.
ಬಾಯಾಗ ಹಾಕಿ ಕಣ್ಣು ಮುಚ್ಚಿ ‘ಟಕ್ಕರ್’ ಅಂದ.
ಊಟಕ್ಕ ಹಂಗಂತಾರಂತ.
ನಮ್ಮಲ್ಲಿ ಟಕ್ಕರ್ ಆಗೂದು
ಸಿಂದಗಿ ರೋಡಿನ್ಯಾಗ, ಲಾರಿಗೆ ಲಾರಿ.

ಹೋಗೂ ಹೊತ್ತಿಗೆ ಕೈಯಾಗಿನ ಬೂದಿ ಒರಸಿಕೋಂತ
ನನಗ ‘ಮೇಟ್’ ಅಂದ.
ಬಂದೇನವಾಜ ದಾಟಸೂ ಮೊದಲ ನಾ ಕೇಳಿದ್ನಿ:
ಮೇಟಿ? ನಿನಗ್ಯಾರ ಹೇಳಿದ್ರು?
ಕಣ ಕಡದು ಹದಿನೆಂಟ ವರ್ಷ ಆತು.
ಮಶೀನ ಬಂದು ಒಂದ ತಾಸಿನ್ಯಾಗ
ರಾಶಿ ಮುಗಿಸಿ ಬಿಲ್ ಹರದು ಕೊಟ್ಟು ಹೋಗತೈತಿ.
ಮೇಟಿ ಗ್ವಾದಲಿ ಮೂಲ್ಯಾಗ ಒರಗೇತಿ,
ಹಗ್ಗ ಸುತ್ತಿ ಸುತ್ತಿ ನಡಾ ಸವದು.

ದೋಸ್ತ ಅಂದ್ನವ್ವ ಅಂವ, ಅಂದ ಬಂದೇನವಾಜ.
ಅಂದಿರಬೇಕು.
ಹನ್ನೆರಡು ಎತ್ತು ಸುತ್ತಿದರೂ ನಿಂತಲ್ಲೇ ನಿಂತದ್ದು
ಮತ್ತೇನು, ದೋಸ್ತನ.

ಮರುದಿನ ಸೆಗಣಿ ಬಾಚಾಕ ಹೋಗಿ ನೋಡ್ತೇನಿ,
ತನುಜಾ ಮೇಟಿಗೆ ಸೀರಿ ಉಡಿಸ್ಯಾಳ!
ಸವದ ಸೊಂಟಕ್ಕ ನನ್ನ ಇಳಕಲ್ ಸೀರಿ ಸೆರಗು,
ಹೇಳದ ಕೇಳದ ಹರದದ್ದು;
ಇದ್ದಲಿಯಿಂದ ಕಣ್ಣು, ಒಂದು ಮ್ಯಾಲ ಒಂದು ಕೆಳಗ.
ಆರಡಿ ಬಾರ್ಬಿ.
ಬೆನ್ನಿಗೆ ಎರಡು ಕೊಡಬೇಕಂತ ಕೈ ಎತ್ತಿದ್ನಿ,
ಮೊಣಕೈಗೆ ಗುಂಗಾಡ ಕಚ್ಚಿತು.
ಥೂ ಮೋಜಿ! ಅಂದೆ,
ಬಾಯಿ ತಪ್ಪಿ.