ಗೂಡು ಬಿಡಿಸಿದ ರಾತ್ರಿ

ನಮ್ಮ ಶಿಡ್ಲಘಟ್ಟದ ಕಡೆ ಹುಳ ಅಂದರೆ ಒಂದೇ ಹುಳ.
ಹುಳ ಜ್ವರಕ್ಕೆ ಕೂತಿದೆ, ಹುಳ ಎದ್ದಿದೆ,
ಹುಳಕ್ಕೆ ಸೊಪ್ಪು ಸಾಲದು
ಅಂದರೆ ಯಾವ ಹುಳ ಅಂತ ಯಾರೂ ಕೇಳಲ್ಲ.
ಹಾಗಾಗಿ ಸಿಸ್ಟರ್ ರಿಹಾನಾ
ನನ್ನ ಮಗಳ ಬೆರಳ ಸಂದಿ ಬಿಸಿಲಿಗೆ ಹಿಡಿದು
"ಹುಳ" ಅಂದಾಗ
ನಾನು ತಿರುಗಿ ಹುಳುಮನೆಯ ಕಡೆ ನೋಡಿದೆ.

"ಅದಲ್ಲಮ್ಮ. ಇದು ಚರ್ಮದೊಳಗೆ
ಸುರಂಗ ಕೊರೆದು ಮೊಟ್ಟೆ ಇಡೋದು.
ರಾತ್ರಿ ನವೆ ಇದರದೇ.
ಮನೇಲಿ ಇನ್ಯಾರಿಗಿದೆ?"

ಯಾರಿಗೂ ಇಲ್ಲ, ಅಂದರು ನಮ್ಮತ್ತೆ ಪಿಳ್ಳಮ್ಮ,
ಸೆರಗಿನೊಳಗೆ ಮೊಣಕೈ ಉಜ್ಜುತ್ತ.

ಮುಲಾಮಿನ ಟ್ಯೂಬುಗಳು ಜಗಲಿಗೆ ಬಂದವು.
"ಕತ್ತಿನಿಂದ ಅಂಗಾಲಿನವರೆಗೆ. ಎಲ್ಲರೂ ಒಂದೇ ರಾತ್ರಿ.
ನವೆ ಇರೋರು, ಇಲ್ಲದೋರು,
ಇಲ್ಲ ಅನ್ನೋರೂ."
ಆಮೇಲೆ ಅವಳೇ ತಡೆದು ಕೇಳಿದಳು:
"ಹುಳ ಎಷ್ಟನೇ ಜ್ವರ?"
ನಾಲ್ಕನೆಯದು ಎದ್ದು ಎರಡು ದಿನ.
ಅವಳ ತವರಲ್ಲಿ ನೂಲು ಬಿಚ್ಚುತ್ತಾರೆ, ಅವಳಿಗೆ ಗೊತ್ತು:
ಈ ಹುಳ ಕೊಲ್ಲುವ ಮದ್ದು
ಆ ಹುಳವನ್ನೂ ಬಿಡಲ್ಲ.
ಬೆರಳಿಗಂಟಿದ್ದು ಸೊಪ್ಪಿಗೆ ತಾಗಿದರೆ ಸಾಕು.

ಅತ್ತೆ ಬೆರಳು ಮಡಿಸಿದರು.
ಹಣ್ಣಾಗಲು ಆರು, ಚಂದ್ರಂಕಿಯಲ್ಲಿ ಐದು.
"ಹನ್ನೊಂದು ದಿನ ಕೆರಕೊಂಡರೆ ಸಾಯ್ತೀವಾ?"
ಮಗಳ ಕೀವಿಗೆ ಬೇರೆ ಔಷಧಿ ಕೊಟ್ಟು,
ಉಗುರು ತಾನೇ ಕತ್ತರಿಸಿ,
ಸಿಸ್ಟರ್ ಗೊಣಗುತ್ತಲೇ ಸ್ಕೂಟರ್ ಹತ್ತಿದಳು.

ಆ ಹನ್ನೊಂದು ರಾತ್ರಿ
ಆ ಕೋಣೆಯಲ್ಲಿ ಸೊಪ್ಪು ಮೇಯುವ ಸದ್ದು,
ಈ ಕೋಣೆಯಲ್ಲಿ ಉಗುರಿನ ಸದ್ದು.
ಹುಳುಮನೆಗೆ ಬ್ಲೀಚಿಂಗ್ ನೀರಲ್ಲಿ ಕಾಲದ್ದಿಯೇ ಹೋಗಬೇಕು.
ಹಾಲುತೊಂಡೆಯ ಒಂದು ಹುಳ ಕಂಡರೂ
ಹೆಕ್ಕಿ ಸುಣ್ಣದ ನೀರಿಗೆ ಹಾಕುವ ಅತ್ತೆ
ಮೊಮ್ಮಗಳ ಹುಣ್ಣಿಗೆ ಅರಿಶಿನ ಮೆತ್ತಿ
"ಉಷ್ಣ" ಅಂದರು.
ನಾನು ಏನೂ ಅನ್ನಲಿಲ್ಲ. ನನಗೂ ಗೂಡು ಬೇಕಿತ್ತು.

ಗೂಡು ಬಿಡಿಸಿ, ಮಾರ್ಕೆಟ್ಟಿಗೆ ಹಾಕಿ,
ಗಂಡಸರು ಬಂದ ಸಂಜೆ
ಹಂಡೆಯಲ್ಲಿ ದುಪ್ಪಟಿ, ಲಂಗ, ಪಂಚೆ ಕುದಿದವು.
ಕುದಿಸಲಾಗದ ಕಂಬಳಿ
ಗೊಬ್ಬರದ ಚೀಲದಲ್ಲಿ ಬಾಯಿ ಕಟ್ಟಿಸಿಕೊಂಡು
ಒಂದು ವಾರ ಮೂಲೆ ಹಿಡಿಯಿತು.
ಮೈದುನ ಮುನಿಕೃಷ್ಣ ಹೊಕ್ಕುಳಿಗೆ ಹಚ್ಚಿಕೊಂಡು ನಕ್ಕ.
ಮಾವ ಗೋಡೆಗೆ ಮುಖ ಮಾಡಿ ನಿಂತರು.

ಕೊನೆಗೆ ಅತ್ತೆ ಬಾಗಿಲು ಹಾಕಿ ಬಂದರು.
"ಬೆನ್ನಿಗೆ ಕೈ ಹೋಗಲ್ಲ."
ಒಪ್ಪಿಕೊಂಡಿದ್ದು ಅಷ್ಟೇ.

ಎಂಟು ವರ್ಷದಲ್ಲಿ ಆ ಬೆನ್ನು ನಾನು ನೋಡಿರಲಿಲ್ಲ.
ಸೊಂಟದ ಪಟ್ಟಿಯುದ್ದಕ್ಕೂ ಗೀರು ಮೇಲೆ ಗೀರು,
ಕರಿ ಕಟ್ಟಿದ್ದು, ನಿನ್ನೆಯದು, ಈಗಿನದು.
ಎಷ್ಟು ದಿನದಿಂದ? ಕೇಳಲಿಲ್ಲ.
ನನ್ನ ಅಂಗೈ ಒರಟು.
"ಮೆಲ್ಲಗೆ," ಅಂದರು,
"ಹಣ್ಣು ಹುಳ ಎತ್ತೋ ಹಾಗೆ."

ವಾರಕ್ಕೆ ಇನ್ನೊಂದು ಸಲ ಹಚ್ಚಿದೆವು,
ಚಾಕಿ ಹುಳ ಬರುವ ಮೊದಲೇ.
ನವೆ ಮಾತ್ರ ಒಂದೇ ಸಲ ಹೋಗಲಿಲ್ಲ.
ಹುಳ ಸತ್ತ ಮೇಲೂ ಕೆಲವು ವಾರ ಮೈಗೆ ನೆನಪಿರುತ್ತೆ
ಅಂದಿದ್ದಳು ಸಿಸ್ಟರ್.
"ಮದ್ದೇ ಖೋಟಾ," ಅಂದುಕೊಂಡೇ
ಅತ್ತೆ ದಿನಾ ಮೊಮ್ಮಗಳ ಬೆರಳು ಬಿಡಿಸಿ
ಬಿಸಿಲಿಗೆ ಹಿಡಿದರು.

ಆಚೆಮನೆ ಅಲುವೇಲಮ್ಮ ಗೋಡೆಯ ಮೇಲಿಂದ
"ಏನು, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ,
ಮನೆ ಬಟ್ಟೆಯೆಲ್ಲ ತಂತಿ ಮೇಲೆ?" ಅಂದಳು.

ನಾನು ಸುಳ್ಳು ಹುಡುಕುತ್ತಿದ್ದೆ.

"ಕಜ್ಜಿ," ಅಂದರು ಅತ್ತೆ, ಬೀದಿಗೆ ಕೇಳುವಂತೆ.
"ನಿಮ್ಮ ಹುಡುಗರು ಇಲ್ಲೇ ಮಲಗ್ತಾವಲ್ಲ,
ಸಂದಿ ನೋಡು, ಹೋಗು."